ನಂದಿಬೆಟ್ಟದ ಮೇಲೆ ನೆರೆಹೊರೆ

ಒಂದು ಜಿಲ್ಲೆಯ ಜನ್ಮವರ್ಷವನ್ನು ನೆನಪಿನಲ್ಲಿಟ್ಟುಕೊಳ್ಳುವವರು ಬಹುಶಃ ಕಂದಾಯ ಇಲಾಖೆಯ ಗುಮಾಸ್ತರು ಮತ್ತು ಸ್ಪರ್ಧಾಪರೀಕ್ಷೆಗೆ ಕುಳಿತ ವಿದ್ಯಾರ್ಥಿಗಳು ಮಾತ್ರ. ಆದರೂ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಜನ ತಮ್ಮ ಜಿಲ್ಲೆಯ ಜಾತಕವನ್ನೊಮ್ಮೆ ತೆರೆದು ನೋಡಿದರೆ ಅದರಲ್ಲೊಂದು ಕುತೂಹಲದ ಯೋಗ ಕಾಣುತ್ತದೆ. 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆ ಇಬ್ಭಾಗವಾಗಿ ಗ್ರಾಮಾಂತರ ಜಿಲ್ಲೆ ಹುಟ್ಟಿತು. ಅದಕ್ಕೆ ಮೂರು ತಿಂಗಳು ತುಂಬಿದ ಮರುದಿನ, ನವೆಂಬರ್ 16ರಂದು, ದಕ್ಷಿಣ ಏಷ್ಯಾದ ಏಳು ರಾಷ್ಟ್ರಗಳ ನಾಯಕರು ಬೆಂಗಳೂರಿನಲ್ಲಿ ಸಮಾವೇಶಗೊಂಡು, ಔಪಚಾರಿಕ ಸಭೆಯ ನಡುವೆ ಬಿಡುವು ಮಾಡಿಕೊಂಡು, ಈ ನವಜಾತ ಜಿಲ್ಲೆಯ ಬಡಗಣ ಗಡಿಗೆ ಒರಗಿ ನಿಂತಿರುವ ನಂದಿಬೆಟ್ಟವನ್ನೇರಿದರು.

ಬೆಟ್ಟ ಅಂದು ಕೋಲಾರ ಜಿಲ್ಲೆಗೆ ಸೇರಿದ್ದಿತು, ಇಂದು ಚಿಕ್ಕಬಳ್ಳಾಪುರಕ್ಕೆ ಸೇರಿದೆ. ಕಂದಾಯದ ಲೆಕ್ಕದಲ್ಲಿ ಅದು ಎಂದೂ ನಮ್ಮದಾಗಿರಲಿಲ್ಲ. ಆದರೆ ನೀರು ಕಂದಾಯದ ಗಡಿಯನ್ನು ಕೇಳಿ ಹರಿಯುವುದಿಲ್ಲ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಆ ಬಂಡೆಯ ಮಗ್ಗುಲಲ್ಲಿ ಜನಿಸಿದ ಅರ್ಕಾವತಿ ದೊಡ್ಡಬಳ್ಳಾಪುರ, ನೆಲಮಂಗಲಗಳ ಸೀಮೆಯನ್ನು ಹಾದು, ಆಗ ನಮ್ಮದೇ ಜಿಲ್ಲೆಯೊಳಗಿದ್ದ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮಾರ್ಗವಾಗಿ ಇಳಿದು ಕಡಲೂರಿನ ಬಳಿ ಕಡಲನ್ನು ಸೇರುತ್ತದೆ. ಉತ್ತರ ಪಿನಾಕಿನಿ ನೆಲ್ಲೂರಿನತ್ತ ಹರಿಯುತ್ತದೆ. ಮೂರಕ್ಕೂ ಕಡೆಯ ನೆಲೆ ಬಂಗಾಳಕೊಲ್ಲಿಯೇ. ಕಡಲನ್ನು ಎಂದೂ ಕಾಣದ ಈ ಬಯಲುಸೀಮೆಯಲ್ಲಿ ಕಡಲಿನ ಸುತ್ತಣ ನೆರೆಹೊರೆಯವರು ಕಲೆತದ್ದು ಅಷ್ಟೇನೂ ಅಸಂಗತವಲ್ಲವೆಂದು ಹೇಳಿಕೊಳ್ಳಲು ನಮಗೆ ಇಷ್ಟು ಆಧಾರ ಸಾಕು.

ಈ ಕೂಟದ ಮೂಲಕಲ್ಪನೆ ಬಾಂಗ್ಲಾದೇಶದ ಅಧ್ಯಕ್ಷ ಜಿಯಾವುರ್ ರಹಮಾನರದು. 1980ರ ಮೇ ತಿಂಗಳಲ್ಲಿ ನೆರೆಯ ಸರಕಾರಗಳ ಮುಖ್ಯಸ್ಥರಿಗೆ ಪತ್ರ ಬರೆದು ಸಹಕಾರದ ಪ್ರಸ್ತಾಪವನ್ನು ಮುಂದಿಟ್ಟ ಅವರು, ವರ್ಷವೊಂದು ಕಳೆಯುತ್ತಲೇ ಚಿತ್ತಗಾಂಗಿನಲ್ಲಿ ಹತರಾದರು. ಅಷ್ಟರೊಳಗೆ ಕೊಲಂಬೊದಲ್ಲಿ ವಿದೇಶಾಂಗ ಕಾರ್ಯದರ್ಶಿಗಳ ಮೊದಲ ಸಭೆ ನಡೆದಿತ್ತು. 1983ರ ಆಗಸ್ಟಿನಲ್ಲಿ ದಿಲ್ಲಿಯಲ್ಲಿ ವಿದೇಶಾಂಗ ಸಚಿವರು ಸೇರಿದರು. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಸಾರ್ಕ್ ಎಂಬ ಈ ಪ್ರಾದೇಶಿಕ ಸಹಕಾರ ಸಂಘಟನೆಯ ಸನ್ನದಿಗೆ ಏಳು ದೇಶಗಳ ಅಂಕಿತ ಬಿದ್ದಿತು. ಸನ್ನದಿನಲ್ಲಿ ಎರಡು ನಿಯಮಗಳು ವಿಶೇಷ ಗಮನಕ್ಕೆ ಅರ್ಹವಾದವು. ರಾಷ್ಟ್ರನಾಯಕರು ವರ್ಷಕ್ಕೊಮ್ಮೆಯಾದರೂ ಸೇರತಕ್ಕದ್ದು ಎಂಬುದು ಒಂದು. ಇಬ್ಬರ ನಡುವಣ ತಕರಾರಿನ ವಿಷಯಗಳನ್ನು ಸಭೆಯಲ್ಲಿ ಎತ್ತತಕ್ಕದ್ದಲ್ಲ, ಯಾವುದೇ ನಿರ್ಣಯವಾದರೂ ಸರ್ವಸಮ್ಮತವಾಗಿರತಕ್ಕದ್ದು ಎಂಬುದು ಮತ್ತೊಂದು. ಭಾಗದ ದಾವೆ ಕೋರ್ಟಿನಲ್ಲಿರುವ ಅಣ್ಣತಮ್ಮಂದಿರು ಮದುವೆಯ ಮನೆಯಲ್ಲಿ ಒಂದೇ ಪಂಕ್ತಿಗೆ ಕುಳಿತು, ಪಾಯಸದ ಗುಣದೋಷಗಳನ್ನು ಮಾತ್ರ ಚರ್ಚಿಸಿ ಎದ್ದುಹೋಗಬೇಕೆಂಬ ಕಟ್ಟಳೆಯಂತೆ ಇದು ಇದ್ದಿತು. ಪಂಕ್ತಿಯಲ್ಲಿ ಆಡಬಾರದ ಮಾತನ್ನು ಆಡಲು ಜಗಲಿಯೊಂದು ಬೇಕಾಗುತ್ತದೆಯಷ್ಟೆ. ಬೆಂಗಳೂರಿನ ಸಮ್ಮೇಳನಕ್ಕೆ ಒದಗಿದ ಜಗಲಿ ನಂದಿಬೆಟ್ಟ.

ಆತಿಥ್ಯದ ಸಂದರ್ಭವೂ ಸ್ವಾರಸ್ಯವಾಗಿಯೇ ಇದ್ದಿತು. ಕೇಂದ್ರದಲ್ಲಿ ಕಾಂಗ್ರೆಸ್ಸಿನ ರಾಜೀವ್ ಗಾಂಧಿ, ರಾಜ್ಯದಲ್ಲಿ ಜನತಾಪಕ್ಷದ ರಾಮಕೃಷ್ಣ ಹೆಗಡೆ. ಅತ್ತ ಏಳು ಸಾರ್ವಭೌಮ ರಾಷ್ಟ್ರಗಳು ತಮ್ಮ ಅಧಿಕಾರದಲ್ಲಿ ಒಂದು ಕೂದಲೆಳೆಯಷ್ಟನ್ನೂ ಬಿಟ್ಟುಕೊಡದೆ ಸಹಕರಿಸುವುದು ಹೇಗೆಂದು ಚಿಂತಿಸುತ್ತಿದ್ದಾಗ, ಇತ್ತ ಹೆಗಡೆಯವರ ಸಂಪುಟದ ಸಚಿವ ಅಬ್ದುಲ್ ನಜೀರ್ ಸಾಬರು ವಿಧಾನಸೌಧದ ಅಧಿಕಾರವನ್ನು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಹಂಚಿಕೊಡುವ ಸಾಹಸಕ್ಕೆ ತೊಡಗಿದ್ದರು. ಅವುಗಳ ಚುನಾವಣೆಗಳು ನಡೆದದ್ದು ಮರುವರ್ಷದ ಜನವರಿಯಲ್ಲಿ. ಬಂದ ಅತಿಥಿಗಳಲ್ಲಿ ಇಬ್ಬರು ಅರಸರು: ನೇಪಾಳದ ಬೀರೇಂದ್ರ, ಭೂತಾನದ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್. ಇಬ್ಬರ ರಾಜ್ಯಗಳಿಗೂ ನಮ್ಮ ಜಿಲ್ಲೆಯಂತೆಯೇ ಕಡಲತೀರವಿಲ್ಲ. ಮಾಲ್ಡೀವ್ಸಿನ ಮೌಮೂನ್ ಅಬ್ದುಲ್ ಗಯೂಮರ ದೇಶಕ್ಕಾದರೋ ಕಡಲಲ್ಲದೆ ಬೇರೆ ಆಸ್ತಿಯೇ ಇಲ್ಲ. ಬಾಂಗ್ಲಾದೇಶದ ಎರ್ಷಾದ್, ಪಾಕಿಸ್ತಾನದ ಪ್ರಧಾನಿ ಮೊಹಮ್ಮದ್ ಖಾನ್ ಜುನೇಜೊ, ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಉಳಿದವರು.

ಸಮ್ಮೇಳನದ ಕಾಗದಪತ್ರಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪ್ರವಾಸೋದ್ಯಮ, ಪ್ರಸಾರಣ, ವಿದ್ಯಾರ್ಥಿವೇತನ ಮುಂತಾದವುಗಳಲ್ಲಿ ಸಹಕರಿಸುವೆವೆಂಬ ಘೋಷಣೆ ಹೊರಬಿದ್ದಿತು. ನವೆಂಬರ್ 17ರಂದು, ಸಂಘಟನೆಗೊಂದು ಕಾಯಂ ಕಚೇರಿ ಬೇಕೆಂಬ ಒಡಂಬಡಿಕೆಗೆ ಸಹಿಯಾಯಿತು. ಎರಡು ತಿಂಗಳಲ್ಲಿ, 1987ರ ಜನವರಿ 16ರಂದು, ಆ ಕಚೇರಿ ಕಠ್ಮಂಡುವಿನಲ್ಲಿ ಬಾಗಿಲು ತೆರೆಯಿತು. ಬಾಂಗ್ಲಾದೇಶದ ಅಬುಲ್ ಅಹಸಾನ್ ಅದರ ಪ್ರಥಮ ಮಹಾಕಾರ್ಯದರ್ಶಿ. ಸಾರ್ಕ್ ಎಂಬ ಕಲ್ಪನೆಗೆ ಮೇಜು, ಕುರ್ಚಿ, ಮುದ್ರೆ, ಕಡತಗಳು ದೊರೆತದ್ದು ಬೆಂಗಳೂರಿನ ಸಹಿಯಿಂದ ಎಂಬಷ್ಟು ಹೆಮ್ಮೆಯನ್ನು ನಾವು ಧಾರಾಳವಾಗಿ ಪಡಬಹುದು.

ಇನ್ನು ಬೆಟ್ಟದ ವಿಚಾರ. ಟಿಪ್ಪುವಿನ ಕೋಟೆಯನ್ನು 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಹತ್ತಿ ಹಿಡಿದದ್ದು ಇಲ್ಲಿ. ಕಮಿಷನರ್ ಕಬ್ಬನ್ ಬೇಸಗೆಯ ಬಂಗಲೆ ಕಟ್ಟಿಸಿಕೊಂಡದ್ದು ಇಲ್ಲಿ. 1927ರಲ್ಲಿ ದೇಹಾಲಸ್ಯಕ್ಕೊಳಗಾದ ಗಾಂಧೀಜಿ ವಿಶ್ರಾಂತಿಗಾಗಿ ತಂಗಿದ್ದುದೂ ಇಲ್ಲಿಯೇ. ಕಬ್ಬನ್ನನ ಬಂಗಲೆ ಮುಂದೆ ನೆಹರೂ ನಿಲಯವಾಯಿತು. ನವೆಂಬರಿನ ಮುಂಜಾವದಲ್ಲಿ ಬೆಟ್ಟ ಹತ್ತಿದವರಿಗೆ ಗೊತ್ತು: ನೀಲಗಿರಿ ಮರಗಳ ಎಲೆಗಳಿಂದ ಮಂಜು ಮಳೆಯಂತೆ ತೊಟ್ಟಿಕ್ಕುತ್ತಿರುತ್ತದೆ, ಅಮೃತ ಸರೋವರದ ಸೋಪಾನಗಳಲ್ಲಿ ಕೆಳಗಣ ನಾಲ್ಕಾರು ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲ, ಹತ್ತು ಮಾರು ದೂರದಲ್ಲಿ ನಿಂತವನ ಮುಖಕ್ಕಿಂತ ಮೊದಲು ಅವನ ಕೆಮ್ಮು ಪರಿಚಯವಾಗುತ್ತದೆ. ಅಂತಹ ಎಡೆಯಲ್ಲಿ ಭಾಷಣ ಮಾಡುವುದು ಕಷ್ಟ, ಮಾತನಾಡುವುದು ಸುಲಭ. ಟಿಪ್ಪಣಿ ಬರೆದುಕೊಳ್ಳುವವರನ್ನು ದೂರವಿರಿಸಿ ನಾಯಕರು ತಾವು ತಾವೇ ಕುಳಿತು ಸಂಭಾಷಿಸುವ ಈ ಏಕಾಂತಗೋಷ್ಠಿ ಸಾರ್ಕಿನ ಸಮ್ಮೇಳನಗಳಲ್ಲಿ ಒಂದು ಸಂಪ್ರದಾಯವಾಗಿಯೇ ನಿಂತಿತು.

ಆಡಬಾರದ ಮಾತುಗಳು ಆ ದಿನಗಳಲ್ಲಿ ಕಡಮೆಯಿರಲಿಲ್ಲ. ಶ್ರೀಲಂಕಾದ ತಮಿಳರ ಪ್ರಶ್ನೆ ಉರಿಯುತ್ತಿದ್ದಿತು. ಜಯವರ್ಧನೆಯವರು ಬೆಂಗಳೂರಿನಲ್ಲಿದ್ದ ಸಮಯದಲ್ಲಿಯೇ ಎಲ್‌ಟಿಟಿಇಯ ಪ್ರಭಾಕರನ್‌ನನ್ನು ಮದರಾಸಿನಿಂದ ವಿಮಾನದಲ್ಲಿ ಕರೆತರಲಾಯಿತು. ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಬಂದರು, ಪೂರ್ವ ಪ್ರಾಂತ್ಯವನ್ನು ಹೇಗೆ ವಿಭಾಗಿಸಬೇಕೆಂಬ ಸೂತ್ರ ಮುಂದಿಡಲ್ಪಟ್ಟಿತು, ಪ್ರಭಾಕರನ್ ಅದನ್ನು ಒಪ್ಪಲಿಲ್ಲ. ಸನ್ನದಿನ ಪ್ರಕಾರ ಇದಾವುದೂ ಸಮ್ಮೇಳನದ ಕಲಾಪವಲ್ಲ. ಆದರೆ ಸಮ್ಮೇಳನವಿಲ್ಲದಿದ್ದರೆ ಇವರೆಲ್ಲ ಒಂದೇ ಊರಿನಲ್ಲಿ ಒಂದೇ ವಾರ ದೊರೆಯುತ್ತಿದ್ದರೇ? ರಾಜೀವ್ ಮತ್ತು ಜುನೇಜೊ ಭೇಟಿಯಾದದ್ದೂ ಇದೇ ಅವಕಾಶದಲ್ಲಿ. ಆಗ ಗಡಿಯಲ್ಲಿ ಭಾರತದ ಬೃಹತ್ ಸೇನಾಭ್ಯಾಸ ಸಿದ್ಧವಾಗುತ್ತಿದ್ದಿತು, ಎರಡು ತಿಂಗಳಲ್ಲಿ ಉಭಯ ಸೇನೆಗಳೂ ಎದುರುಬದುರಾಗಿ ನಿಂತವು.

ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ಪ್ರಿಯನಾದ ವ್ಯಕ್ತಿ ಅರಸನೂ ಅಲ್ಲ, ಅಧ್ಯಕ್ಷನೂ ಅಲ್ಲ; ಆಗಿನ ವಿದೇಶಾಂಗ ಕಾರ್ಯದರ್ಶಿ ಎ.ಪಿ. ವೆಂಕಟೇಶ್ವರನ್. ನೇರವಾದ ಮಾತಿಗೂ ಮೊನಚಾದ ಹಾಸ್ಯಕ್ಕೂ ಹೆಸರಾಗಿದ್ದ ಅವರು ಬೆಂಗಳೂರಿನ ಸಮ್ಮೇಳನದ ಬಳಿಕ ಇಸ್ಲಾಮಾಬಾದಿಗೆ ಹೋಗಿದ್ದಾಗ, ಸಾರ್ಕಿನ ಅಧ್ಯಕ್ಷಸ್ಥಾನ ಈಗ ಭಾರತದ್ದಾದುದರಿಂದ ಪ್ರಧಾನಿಯವರು ಪಾಕಿಸ್ತಾನವೂ ಸೇರಿದಂತೆ ಸದಸ್ಯರಾಷ್ಟ್ರಗಳಿಗೆ ಭೇಟಿ ಕೊಡುವರೆಂಬರ್ಥದ ಮಾತನಾಡಿದರು. ಪ್ರಧಾನಿಗೆ ಅಂತಹ ಉದ್ದೇಶವಿರಲಿಲ್ಲ. 1987ರ ಜನವರಿಯಲ್ಲಿ ದಿಲ್ಲಿಯ ಪತ್ರಿಕಾಗೋಷ್ಠಿಯೊಂದರಲ್ಲಿ ಪಾಕಿಸ್ತಾನದ ಪತ್ರಕರ್ತನೊಬ್ಬ, ನಿಮ್ಮ ಮಾತಿಗೂ ನಿಮ್ಮ ಕಾರ್ಯದರ್ಶಿಯ ಮಾತಿಗೂ ಹೊಂದಿಕೆಯಿಲ್ಲವಲ್ಲ ಎಂದು ಕೇಳಲು, ಬೇಗನೆ ಹೊಸ ಕಾರ್ಯದರ್ಶಿಯೊಡನೆ ಮಾತನಾಡುವಿರಂತೆ ಎಂಬ ಅರ್ಥದ ಉತ್ತರವನ್ನು ರಾಜೀವ್ ಕೊಟ್ಟರು. ವೆಂಕಟೇಶ್ವರನ್ ಅದೇ ಸಭಾಂಗಣದಲ್ಲಿ ಕುಳಿತಿದ್ದರು. ಅಂದೇ ರಾಜೀನಾಮೆ ಬರೆದುಕೊಟ್ಟರು. ಅನಂತರ ಅವರು ನೆಲೆಸಿದ್ದು ಬೆಂಗಳೂರಿನಲ್ಲಿ. 2014ರಲ್ಲಿ ನಿಧನರಾಗುವವರೆಗೂ ಇಲ್ಲಿಯ ಸಭೆಗಳಲ್ಲಿ ತಮ್ಮ ಸ್ವಭಾವಕ್ಕೆ ತಕ್ಕ ನಿಷ್ಠುರತೆಯಿಂದಲೇ ಮಾತನಾಡುತ್ತಿದ್ದರು. ಅವರ ಹುದ್ದೆಯನ್ನು ನುಂಗಿದ ಆ ಅಧ್ಯಕ್ಷಸ್ಥಾನ ದೊರೆತದ್ದೂ ಇದೇ ಊರಿನಲ್ಲಿ.

ಆದರೆ ಕಾಲ ವೆಂಕಟೇಶ್ವರನ್ನರ ಮಾತನ್ನು ಸುಳ್ಳಾಗಲು ಬಿಡಲಿಲ್ಲ. 1988ರ ಡಿಸೆಂಬರಿನಲ್ಲಿ ಸಾರ್ಕಿನ ನಾಲ್ಕನೆಯ ಸಮ್ಮೇಳನ ಇಸ್ಲಾಮಾಬಾದಿನಲ್ಲಿ ಸೇರಿತು. ರಾಜೀವ್ ಹೋಗಲೇಬೇಕಾಯಿತು, ಹೋದರು. ಅಲ್ಲಿ ಬೆನಜೀರ್ ಭುಟ್ಟೊ ಅವರ ಸರಕಾರದೊಡನೆ, ಡಿಸೆಂಬರ್ 31ರಂದು, ಪರಸ್ಪರರ ಪರಮಾಣು ಸ್ಥಾವರಗಳ ಮೇಲೆ ದಾಳಿ ಮಾಡಲಾಗದೆಂಬ ಒಪ್ಪಂದವಾಯಿತು. ಅದರಂತೆ 1992ರಿಂದ ಪ್ರತಿವರ್ಷ ಜನವರಿ 1ರಂದು ಉಭಯ ದೇಶಗಳೂ ತಮ್ಮ ತಮ್ಮ ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತ ಬಂದಿವೆ. ಕಾರ್ಗಿಲ್ ಯುದ್ಧದ ಮರುವರ್ಷವೂ, ಮುಂಬಯಿ ದಾಳಿಯ ಮರುವರ್ಷವೂ ಅದು ತಪ್ಪಲಿಲ್ಲ. ಸಾರ್ಕಿನ ಕಲಾಪಪಟ್ಟಿಯಲ್ಲಿ ಈ ವಿಷಯಕ್ಕೆ ಸ್ಥಾನವೇ ಇರಲಿಲ್ಲವೆಂಬುದನ್ನು ಗಮನಿಸಬೇಕು.

ಮುಂದಿನ ಚರಿತ್ರೆ ಸಂಕ್ಷೇಪಕ್ಕೆ ಯೋಗ್ಯ. 1989ರ ಸಮ್ಮೇಳನ ಶ್ರೀಲಂಕಾದಲ್ಲಿ ಭಾರತೀಯ ಸೇನೆ ಇದ್ದ ವಿವಾದದಿಂದಾಗಿ ನಡೆಯಲಿಲ್ಲ. 2004ರ ಜನವರಿಯಲ್ಲಿ ವಾಜಪೇಯಿ ಮತ್ತು ಮುಷರಫ್ ಮತ್ತೆ ಮಾತುಕತೆಗೆ ದಾರಿ ತೆರೆದದ್ದು ಸಾರ್ಕ್ ಸಮ್ಮೇಳನದ ನೆವದಲ್ಲಿಯೇ. 2007ರಲ್ಲಿ ಅಫಘಾನಿಸ್ತಾನ ಸೇರಿ ಸದಸ್ಯರು ಎಂಟಾದರು. 2014ರಲ್ಲಿ ಕಠ್ಮಂಡುವಿನಲ್ಲಿ ಹದಿನೆಂಟನೆಯ ಸಮ್ಮೇಳನವಾಯಿತು. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಸೇರಬೇಕಿದ್ದ ಹತ್ತೊಂಬತ್ತನೆಯದು ಸೇರಲಿಲ್ಲ. ವರ್ಷಕ್ಕೊಮ್ಮೆ ಎಂಬ ಸನ್ನದಿನ ಮಾತು ಕಾಗದದಲ್ಲಿ ಉಳಿದಿದೆ.

ಈ ನಡುವೆ ದಿಲ್ಲಿಯ ದೃಷ್ಟಿ ನೆಲದಿಂದ ಕಡಲಿನತ್ತ ಹೊರಳಿತು. 1997ರಲ್ಲಿ ಎರಡು ಕೂಟಗಳು ಹುಟ್ಟಿದವು: ಮಾರ್ಚಿನಲ್ಲಿ ಮಾರಿಷಸ್ಸಿನಲ್ಲಿ ಹಿಂದೂ ಮಹಾಸಾಗರದ ಅಂಚಿನ ದೇಶಗಳದು, ಜೂನಿನಲ್ಲಿ ಬ್ಯಾಂಕಾಕಿನಲ್ಲಿ ಬಂಗಾಳಕೊಲ್ಲಿಯ ಸುತ್ತಣ ದೇಶಗಳದು. ಮೊದಲನೆಯದರ ಸಚಿವಸಭೆ 2011ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದು, ಮಂಡ್ಯದ ನಾಡಿನವರಾದ ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿದ್ದಾಗ ಭಾರತ ಅದರ ಅಧ್ಯಕ್ಷತೆಯನ್ನು ವಹಿಸಿಕೊಂಡಿತು. ಕಡಲ ಸುರಕ್ಷತೆ, ವ್ಯಾಪಾರ, ಮೀನುಗಾರಿಕೆ, ವಿಪತ್ತು ನಿರ್ವಹಣೆ, ವಿಜ್ಞಾನ ಮತ್ತು ವಿದ್ಯೆ, ಪ್ರವಾಸ ಮತ್ತು ಸಂಸ್ಕೃತಿ ಎಂಬ ಆರು ಆದ್ಯತೆಗಳು ನಿರ್ಧಾರವಾದದ್ದು ಆ ಸಭೆಯಲ್ಲಿ. ಎರಡನೆಯದು ಬಿಮ್‌ಸ್ಟೆಕ್, ಅದರ ಇಂಧನ ಕೇಂದ್ರ ಬೆಂಗಳೂರಿನಲ್ಲಿದೆ. ಮೊದಲಿನ ಸಾರ್ಕಿನಂತೆ ಅದಕ್ಕೂ ಸದಸ್ಯರು ಏಳೇ, ಆದರೆ ಪಾಕಿಸ್ತಾನವಿಲ್ಲ. ಹುಟ್ಟಿದ ಇಪ್ಪತ್ತೈದನೆಯ ವರ್ಷದಲ್ಲಿ, 2022ರಲ್ಲಿ, ಅದು ತನ್ನ ಸನ್ನದನ್ನು ಬರೆದುಕೊಂಡಿತು. ಕಲಹಪ್ರಿಯ ನೆರೆಯವನನ್ನು ಬಿಟ್ಟು ಕೂಟ ಕಟ್ಟಿಕೊಂಡರೆ ಸಭೆ ಸುಗಮವಾಗಿ ಸಾಗುತ್ತದೆ, ನಿಜ. ಕಲಹವೇನೂ ಮನೆ ಬದಲಾಯಿಸುವುದಿಲ್ಲ.

2008ರಲ್ಲಿ ದೇವನಹಳ್ಳಿ ತಾಲ್ಲೂಕಿನಲ್ಲಿ ವಿಮಾನನಿಲ್ದಾಣ ತೆರೆದ ಮೇಲೆ ಹೊರದೇಶದ ಗಣ್ಯರು ಇಳಿಯುವುದು ನಮ್ಮ ನೆಲದ ಮೇಲೆಯೇ. ಆ ನೆಲದಲ್ಲಿ ದ್ರಾಕ್ಷಿಯ ಚಪ್ಪರಗಳೂ ಚಕ್ಕೋತದ ತೋಟಗಳೂ ಇದ್ದುವು. ಆಗ್ನೇಯ ಏಷ್ಯಾದ ದ್ವೀಪಗಳ ಕಡೆಯಿಂದ ಕಡಲು ದಾಟಿ ಬಂದ ಚಕ್ಕೋತ, ಯಾವ ಒಡಂಬಡಿಕೆಯೂ ಇಲ್ಲದೆ ಇಲ್ಲಿ ಬೇರೂರಿ, ದೇವನಹಳ್ಳಿಯ ಹೆಸರಿನಲ್ಲಿಯೇ ಭೌಗೋಳಿಕ ಮಾನ್ಯತೆ ಪಡೆಯಿತು. ಬೆರಳು ದಪ್ಪದ ಸಿಪ್ಪೆಯನ್ನು ಸುಲಿದು, ಕೆಂಪು ತೊಳೆಗಳನ್ನು ಬಿಡಿಸಿ ಮಾರುವವರು ಹೆದ್ದಾರಿಯ ಬದಿಯಲ್ಲಿ ಈಗ ವಿರಳ. ತೋಟಗಳ ಎಡೆಯಲ್ಲಿ ನಿವೇಶನದ ಕಲ್ಲುಗಳು ನೆಡಲ್ಪಟ್ಟಿವೆ. ಅರ್ಕಾವತಿಯ ಮೇಲ್ಪಾತ್ರದಲ್ಲಿ ನೀರನ್ನು ಹುಡುಕಬೇಕಾಗಿದೆ. ದಕ್ಷಿಣ ಪಿನಾಕಿನಿಯ ನೀರಿಗಾಗಿ ತಮಿಳುನಾಡಿನೊಡನೆ ಇರುವ ವ್ಯಾಜ್ಯ ಸುಪ್ರೀಂ ಕೋರ್ಟನ್ನು ಮುಟ್ಟಿದೆ. ಒಂದೇ ಸಂವಿಧಾನಕ್ಕೆ ಬದ್ಧರಾದ ಎರಡು ರಾಜ್ಯಗಳೇ ಹೀಗಿರುವಾಗ ಏಳು ದೇಶಗಳನ್ನು ಹಳಿಯುವ ಬಾಯಿ ನಮಗಿಲ್ಲ.

2025ರ ಜುಲೈ 2ರಂದು ರಾಜ್ಯದ ಸಚಿವಸಂಪುಟ ಅದೇ ನಂದಿಬೆಟ್ಟದ ಮೇಲೆ ಸಭೆ ಸೇರಿ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಒಪ್ಪಿತು. ಹೊಸ ಹೆಸರಿನ ಬಗ್ಗೆ ನನಗೆ ಜಗಳವಿಲ್ಲ. ನನ್ನ ಅಸಮಾಧಾನ ಬೇರೆ: ಬೆಟ್ಟಕ್ಕೆ ಬರುವ ಇಂದಿನ ತರುಣರು ಟಿಪ್ಪು ಡ್ರಾಪ್ ಎಲ್ಲಿ, ಸೂರ್ಯೋದಯ ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ; ಏಳು ದೇಶಗಳು ಇಲ್ಲಿಗೇಕೆ ಬಂದಿದ್ದುವೆಂಬ ಪ್ರಶ್ನೆಯೇ ಅವರಿಗೆ ಹುಟ್ಟುವುದಿಲ್ಲ, ಹುಟ್ಟಿಸುವ ಶ್ರಮವನ್ನು ನಾವೂ ಪಡಲಿಲ್ಲ. ಬೆಂಗಳೂರಿನ ಘೋಷಣೆಯನ್ನು ಮರೆತರೆ ನಷ್ಟವಿಲ್ಲ. ನೆರೆಹೊರೆಯವರನ್ನು ಒಂದೆಡೆ ಕೂರಿಸುವುದು ಪ್ರೀತಿಯಲ್ಲ, ಗೊತ್ತುಪಡಿಸಿದ ತಾರೀಖು ಎಂಬ ಪಾಠವನ್ನು ಮರೆತದ್ದು ಮಾತ್ರ ನಷ್ಟ. ಜನವರಿ 1 ಎಂದು ತಾರೀಖು ಬರೆದ ಒಪ್ಪಂದ ದ್ವೇಷದ ನಡುವೆಯೂ ನಡೆದುಬಂದಿದೆ. ವರ್ಷಕ್ಕೊಮ್ಮೆ ಎಂದಷ್ಟೇ ಬರೆದು ಸರ್ವರ ಒಪ್ಪಿಗೆಗೆ ಬಿಟ್ಟ ಸಮ್ಮೇಳನ ನಿಂತುಹೋಗಿದೆ. ಮುಂದೆ ಯಾರಾದರೂ ಈ ಕಡಲಿನ ದೇಶಗಳಿಗಾಗಿ ಹೊಸ ಸನ್ನದು ಬರೆಯುವುದಾದರೆ, ಸೌಹಾರ್ದ, ಸಹಬಾಳ್ವೆ ಮುಂತಾದ ಪದಗಳಿಗೆ ಎಷ್ಟು ಬೇಕಾದರೂ ಎಡೆ ಕೊಡಲಿ. ಆದರೆ ಮೊದಲ ವಿಧಿಯಲ್ಲಿ ತಿಂಗಳು, ದಿನ, ಸ್ಥಳಗಳನ್ನು ಕಾಣಿಸಿ, ಆ ದಿನ ಬಾರದಿರುವ ಸ್ವಾತಂತ್ರ್ಯವನ್ನು ಯಾರಿಗೂ ಉಳಿಸದಿರಲಿ.