ಒಪ್ಪತ್ತು ಮಾಡಿದರೆ ಮನದ ಭಾರ ಇಳಿದೀತೇ?

ಶ್ರಾವಣ ಸೋಮವಾರ ಬಂತೆಂದರೆ ಒಪ್ಪತ್ತು ಮಾಡುವ ಹಿರಿಯರು ನಮ್ಮ ಶಿವಮೊಗ್ಗ, ಭದ್ರಾವತಿ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಹಗಲೆಲ್ಲ ಹಾಲು ಹಣ್ಣು, ಸಂಜೆ ಪೂಜೆ ಮುಗಿದ ಮೇಲೆ ಒಂದೇ ಊಟ. ಈಗ ಇದೇ ಒಪ್ಪತ್ತು ಪೇಟೆಯಿಂದ ಹೊಸ ರೂಪದಲ್ಲಿ ಮರಳಿ ಬಂದಿದೆ. ದಿನದ ಊಟವನ್ನೆಲ್ಲ 8 ಗಂಟೆಯೊಳಗೆ ಮುಗಿಸಿ, ಉಳಿದ 16 ಗಂಟೆ ಹೊಟ್ಟೆಗೆ ಬಿಡುವು ಕೊಟ್ಟರೆ ಮೈ ಹಗುರಾಗುವುದಲ್ಲದೆ ಮನಸ್ಸಿನ ಖಿನ್ನತೆಯೂ ಹೋಗುತ್ತದೆಂದು ಮೊಮ್ಮಕ್ಕಳು ಹೇಳುತ್ತಾರೆ. ಇದು ಎಷ್ಟರಮಟ್ಟಿಗೆ ನಿಜವೆಂದು ನಾವು ವಿಚಾರಿಸೋಣ.

ಊಟ ಮಾಡಿ ಸುಮಾರು 12 ಗಂಟೆ ಕಳೆದರೆ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಕರಗುತ್ತ ಬರುತ್ತದೆ. ಆಗ ದೇಹವು ಕೊಬ್ಬನ್ನು ಬಳಸತೊಡಗುತ್ತದೆ. ಅದರಿಂದ ಹುಟ್ಟುವ ಕೀಟೋನ್ ಎಂಬ ಪದಾರ್ಥವನ್ನು ಮಿದುಳು ಇಂಧನವಾಗಿ ಸ್ವೀಕರಿಸುತ್ತದೆ. ಇಂಥ ಉಪವಾಸವು ಮಿದುಳಿನ ಜೀವಕೋಶಗಳಿಗೆ ಬಲ ಕೊಡುವುದನ್ನು ವಿಜ್ಞಾನಿಗಳು ಇಲಿಗಳಲ್ಲಿ ಕಂಡಿದ್ದಾರೆ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಮಾತ್ರ ಸಣ್ಣವು, ಅಲ್ಪಕಾಲದವು. ಕೆಲವರಿಗೆ ಮನಸ್ಸು ಹಗುರಾಗಿದೆ, ಕೆಲವರಿಗೆ ತಲೆನೋವು, ಸಿಡುಕು, ನಿದ್ರೆಗೇಡು ಬಂದಿದೆ. ಆದ್ದರಿಂದ ಉಪವಾಸವೇ ಖಿನ್ನತೆಗೆ ಮದ್ದೆಂದು ಹೇಳುವಂತಿಲ್ಲ.

ಉಪವಾಸವೆಂದರೆ ಹತ್ತಿರ ವಾಸಿಸುವುದು ಎಂದು ಅರ್ಥ. ದೇವರಿಗೆ ಹತ್ತಿರವಾಗುವುದು ಅದರ ಉದ್ದೇಶ, ಹಸಿದಿರುವುದಷ್ಟೇ ಅಲ್ಲ. ಬಸವಾದಿ ಶರಣರು ಕಾಯವನ್ನು ದಂಡಿಸುವುದಕ್ಕಿಂತ ಕಾಯಕ ದಾಸೋಹಗಳಿಗೆ ಹೆಚ್ಚಿನ ಸ್ಥಾನ ಕೊಟ್ಟರು. ವ್ರತ ಹಿಡಿದವನಿಗೆ ಹಸಿವು ಗೊತ್ತಾಗುತ್ತದೆ, ಸಂಜೆಯ ಊಟದ ನಿರೀಕ್ಷೆ ಇರುತ್ತದೆ, ಮನೆಮಂದಿಯ ಜೊತೆ ಇರುತ್ತದೆ. ಖಿನ್ನತೆಯಲ್ಲಿ ಊಟ ಬಿಟ್ಟವನಿಗೆ ಈ ಮೂರೂ ಇಲ್ಲ. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ, ಅಪಾಯ ಇರುವುದೇ ಇಲ್ಲಿ.

ಭದ್ರಾವತಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯಿಂದಲೂ, ಆಮೇಲೆ ಬಂದ ಕಾಗದದ ಕಾರ್ಖಾನೆಯಿಂದಲೂ ಈ ಊರು ಬೆಳೆಯಿತು. ಪಾಳಿಯ ಹೊತ್ತಿಗೆ ಎದ್ದು, ಪಾಳಿಯ ಹೊತ್ತಿಗೆ ಉಂಡವರು ಇಲ್ಲಿನ ಕಾರ್ಮಿಕರು. ಕಾಗದದ ಉತ್ಪಾದನೆ ನಿಂತಿತು, 2023ರಲ್ಲಿ ಕಬ್ಬಿಣದ ಕಾರ್ಖಾನೆಗೂ ಮುಚ್ಚುವ ಮಾತು ಬಂತು. ಕೆಲಸ ಹೋದ ಯಜಮಾನರು ಜಗುಲಿಯ ಮೇಲೆ ಸುಮ್ಮನೆ ಕೂರುತ್ತಾರೆ. ಮೊದಲು ಸೋಮವಾರ ಮಾತ್ರ ಇದ್ದ ಒಪ್ಪತ್ತು ಈಗ ದಿನವೂ ನಡೆಯುತ್ತದೆ. "ಅಪ್ಪಾಜಿಗೆ ಭಕ್ತಿ ಹೆಚ್ಚಾಯಿತು" ಎಂದು ಸೊಸೆ ಸಮಾಧಾನಪಡುತ್ತಾಳೆ. ಅಂಗಿ ಸಡಿಲವಾಗಿದೆ, ನಸುಕಿನಲ್ಲೇ ಎಚ್ಚರವಾಗುತ್ತದೆ, ಮೊಮ್ಮಗು ಬಂದರೂ ಮುಖ ಅರಳುವುದಿಲ್ಲ. ಇದನ್ನು ಭಕ್ತಿಯೆಂದು ತಿಳಿದು ಸುಮ್ಮನಿರಬಾರದು. ಇದು ಕಾಯಿಲೆಯ ಲಕ್ಷಣವಾಗಿರಬಹುದು.

ಬೇಸರ, ನಿರಾಸಕ್ತಿ, ಊಟ ನಿದ್ರೆಗಳ ಏರುಪೇರು ಎರಡು ವಾರ ಬಿಡದೆ ಇದ್ದರೆ ವೈದ್ಯರನ್ನು ಕಾಣಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಪೇಟೆಗೆ ಹೋಗಲಾಗದವರು 14416ಕ್ಕೆ ದೂರವಾಣಿ ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡವೆಂಬ ಮಾತು ಬಾಯಿಗೆ ಬಂದರೆ ಎರಡು ವಾರ ಕಾಯಬೇಡಿ, ಅಂದೇ ಕರೆದೊಯ್ಯಿರಿ. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬಾರದು.

ಆರೋಗ್ಯವಂತರು ಒಪ್ಪತ್ತು ಮಾಡುವುದಕ್ಕೆ ನಮ್ಮ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಮನೋರೋಗಕ್ಕೆ ಔಷಧ ಸೇವಿಸುವವರು, ಗರ್ಭಿಣಿಯರು, ಮೈ ಸೊರಗಿದ ವೃದ್ಧರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಲಿಥಿಯಂ ಮಾತ್ರೆ ನುಂಗುವವರು ನೀರು ಬಿಟ್ಟು ಉಪವಾಸ ಮಾಡಿದರೆ ಔಷಧವೇ ವಿಷವಾದೀತು.

ಈ ಸೋಮವಾರ ನಿಮ್ಮ ಮನೆಯ ಹಿರಿಯರು "ನನಗೆ ಊಟ ಬೇಡ" ಎಂದರೆ ತಟ್ಟೆ ಎತ್ತಿಡುವ ಮುಂಚೆ ಪಕ್ಕದಲ್ಲಿ ಕುಳಿತು, "ವ್ರತವೋ, ಬೇಸರವೋ?" ಎಂದು ಮೆಲ್ಲಗೆ ಕೇಳಿರಿ. ಅವರು ಹೇಳುವುದನ್ನು ಪೂರ್ತಿ ಆಲಿಸಿರಿ. ಅನ್ನ ನೀಡುವುದು ಹೇಗೆ ದಾಸೋಹವೋ, ನೊಂದವರ ಮಾತಿಗೆ ಕಿವಿಗೊಡುವುದೂ ಹಾಗೆಯೇ ದಾಸೋಹ.