ನಾಕು ಗಿಡಕ್ಕೆ ಜೈಲಾ? ಗಾಂಜಾ ಕುರಿತ ಅರ್ಧಸತ್ಯಗಳು

ಹಲಗೂರಿನಿಂದ ಮುತ್ತತ್ತಿಯತ್ತ ಹೊರಟರೆ ಕಾಡು. ಮಳವಳ್ಳಿ ದಾಟಿ ಮುಂದೆ ಹೋದರೆ ಕೊಳ್ಳೇಗಾಲ, ಹನೂರು. ಬೆಳೆ ನಡುವೆ ಗಾಂಜಾ ಗಿಡ ಸಿಕ್ಕಿತು, ರೈತನನ್ನು ಹಿಡಿದರು ಎಂಬ ಸುದ್ದಿ ಈ ಸೀಮೆಗೆ ಹೊಸದಲ್ಲ. ಅಂಥ ದಿನ ಟೀ ಅಂಗಡಿಯಲ್ಲಿ ಎರಡು ಮಾತು ಬಂದೇ ಬರುತ್ತವೆ: ‘ನಾಕು ಗಿಡಕ್ಕೆ ಜೈಲಾ?’, ‘ಫಾರಿನ್ನಲ್ಲಿ ಅಂಗಡೀಲೇ ಮಾರ್ತಾರಂತೆ, ಇಲ್ಲೂ ಬಿಟ್ಟುಬಿಡ್ಲಿ.’

ಮೊದಲನೆಯದಕ್ಕೆ ಉತ್ತರ: ಹೌದು, ಜೈಲೇ. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಒಂದು ಕೆ.ಜಿ.ವರೆಗಿನ ಗಾಂಜಾ ‘ಅಲ್ಪ ಪ್ರಮಾಣ’. ಅಷ್ಟಕ್ಕೆ ಕೇಸಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಕೇಸಿದೆ, ಶಿಕ್ಷೆ ಮಾತ್ರ ಕಡಿಮೆ: ಒಂದು ವರ್ಷದವರೆಗೆ ಸಜೆ, ಇಲ್ಲವೇ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೆಳೆಯುವುದಕ್ಕೆ ಈ ರಿಯಾಯಿತಿಯೂ ಇಲ್ಲ. ರಾಗಿ ಹೊಲದ ಮೂಲೆಯಲ್ಲಿ ಎರಡೇ ಗಿಡ ಇದ್ದರೂ ಅದು ಹತ್ತು ವರ್ಷದವರೆಗೆ ಶಿಕ್ಷೆ, ಒಂದು ಲಕ್ಷದವರೆಗೆ ದಂಡ ವಿಧಿಸಬಹುದಾದ ಅಪರಾಧ.

‘ಭಂಗಿ ಸೊಪ್ಪು ತಾನೆ, ಅದಕ್ಕೇನು?’ ಎನ್ನುವವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿ. ಬರೀ ಎಲೆ, ಬರೀ ಬೀಜ ಅಲ್ಲ. ಎಲೆಯಿಂದ ಮಾಡುವ ಭಾಂಗ್ ಈ ಕಾಯ್ದೆಯಡಿ ನಿಷಿದ್ಧವಲ್ಲ ಎಂದು 2022ರಲ್ಲಿ ಕರ್ನಾಟಕ ಹೈಕೋರ್ಟು ಕೂಡ ಹೇಳಿತು. ಹಾಗಂತ ಭಾಂಗನ್ನು ಯಾರು ಬೇಕಾದರೂ ಮಾರುವಂತಿಲ್ಲ, ಅದರ ಲಗಾಮು ರಾಜ್ಯಗಳ ಅಬಕಾರಿ ಕಾನೂನಿನ ಕೈಯಲ್ಲಿದೆ. ಗಿಡ ಬೆಳೆಸುವುದಂತೂ ಅಪರಾಧವೇ. ಎಲೆಯನ್ನು ಬಿಟ್ಟು ಗಿಡವನ್ನು ಹಿಡಿಯುವ ಈ ಕಾನೂನು ವಿಚಿತ್ರವಾಗಿದೆ, ನಿಜ. ವಕೀಲರಿಗೇನೋ ಒಳ್ಳೆಯದೇ ಆಯಿತು: ಎಲೆ, ಕಾಂಡ, ಹೂ ಎಲ್ಲ ಸೇರಿಸಿ ತೂಗಿ ಪ್ರಮಾಣ ಹೆಚ್ಚಿಸಿದ್ದಾರೆ ಎಂಬ ವಾದ ಜಾಮೀನು ಅರ್ಜಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇನ್ನು ಫಾರಿನ್ ಮಾತು. ಎಲ್ಲರೂ ಹೆಸರೆತ್ತುವ ಪೋರ್ಚುಗಲ್ ಯಾವ ಮಾದಕವಸ್ತುವನ್ನೂ ‘ಬಿಟ್ಟಿಲ್ಲ’. 2001ರಿಂದ ಅಲ್ಲಿ ಸ್ವಂತ ಬಳಕೆಗೆ ಸ್ವಲ್ಪ ಇಟ್ಟುಕೊಂಡವನನ್ನು ಜೈಲಿಗೆ ಹಾಕುವುದಿಲ್ಲ, ಒಂದು ಸಮಿತಿಯ ಮುಂದೆ ನಿಲ್ಲಿಸುತ್ತಾರೆ. ಮಾರುವವನಿಗೆ ಇವತ್ತಿಗೂ ಜೈಲು. ಕೆನಡಾ 2018ರಲ್ಲಿ ಗಾಂಜಾ ಮಾರಾಟಕ್ಕೂ ಪರವಾನಗಿ ಕೊಟ್ಟಿತು. ಅಮೆರಿಕದ ಆರೆಗಾನ್ ರಾಜ್ಯ ಎಲ್ಲ ಮಾದಕವಸ್ತುಗಳ ಸಣ್ಣ ಪ್ರಮಾಣದ ಮೇಲಿನ ಕ್ರಿಮಿನಲ್ ಶಿಕ್ಷೆಯನ್ನು 2020ರ ಜನಮತದಿಂದ ತೆಗೆದು, 2024ರಲ್ಲಿ ಮತ್ತೆ ತಂದಿತು. ಒಂದೊಂದು ಕಡೆ ಒಂದೊಂದು ಏರ್ಪಾಡು. ನಾವು ಮಾತ್ರ ಎಲ್ಲವನ್ನೂ ‘ಲೀಗಲ್’ ಎಂಬ ಒಂದೇ ಗಂಟಿಗೆ ಕಟ್ಟುತ್ತೇವೆ.

ಪರವಾನಗಿಯಿಂದ, ನಿಷೇಧದಿಂದ ಏನಾಗುತ್ತದೆಂದು ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ, ನಮ್ಮ ಸಾರಾಯಿಯ ಕಥೆಯೇ ಸಾಕು. ‘ಪರವಾನಗಿ ಕೊಟ್ಟರೆ ಕಳ್ಳದಂಧೆ ತಾನೇ ನಿಲ್ಲುತ್ತೆ’ ಎನ್ನುವವರು 1981ರ ಬೆಂಗಳೂರನ್ನು ನೆನೆಯಬೇಕು. ಸಾರಾಯಿ ಅಂಗಡಿಗಳಿಗೆ ಪರವಾನಗಿ ಇದ್ದ ಕಾಲದಲ್ಲೇ ಅಗ್ಗದ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ‘ನಿಷೇಧಿಸಿದರೆ ಚಟ ಬಿಡ್ತಾರೆ’ ಎನ್ನುವವರು 2007ರ ಜುಲೈ 1ನ್ನು ನೆನೆಯಲಿ. ಅಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿಯುವವರು ಅಗ್ಗದ ವಿಸ್ಕಿಗೆ ಹೋದರು. 2019ರ ಏಮ್ಸ್ ಸಮೀಕ್ಷೆಯಲ್ಲಿ ದೇಶದ ಮದ್ಯಪಾನಿಗಳು ಸುಮಾರು 16 ಕೋಟಿ, ಗಾಂಜಾ-ಚರಸ್ ಬಳಸುವವರು ಸುಮಾರು 1.3 ಕೋಟಿ. ನನ್ನ ಮಟ್ಟಿಗೆ, ಗಾಂಜಾ ಅಂಗಡಿ ಕೇಳುವವರು ಮೊದಲು ಈ ಮದ್ಯದಂಗಡಿಗಳ ಲೆಕ್ಕ ಒಪ್ಪಿಸಬೇಕು.

ಈ ಗಲಾಟೆಯಲ್ಲಿ ಯಾರೂ ಎತ್ತದ ವಿಷಯವೊಂದಿದೆ. ಮಗ ಗಾಂಜಾ ಸೇದುತ್ತಾನೆಂದು ಗೊತ್ತಾದರೂ ಆಸ್ಪತ್ರೆಗೆ ಕರೆದೊಯ್ದರೆ ಕೇಸಾಗುತ್ತದೆಂದು ತಂದೆತಾಯಿ ಹೆದರುತ್ತಾರೆ. ಅದೇ ಕಾಯ್ದೆಯ 64ಎ ಕಲಂ ಬೇರೆ ಹೇಳುತ್ತದೆ: ಬಳಕೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಆತನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.