ಚರ್ಮಗಂಟು ವೈರಸ್‌ನ ಜಾತಕ

ಕೊಟ್ಟಿಗೆಯ ಕಚ್ಚುವ ನೊಣ ಒಂದೇ ರಾಸಿನ ಮೇಲೆ ಕೂತು ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಬಾಲದ ಪೆಟ್ಟು ಬಿದ್ದೊಡನೆ ಹಾರಿ ಪಕ್ಕದ ಹಸುವನ್ನು ಕಚ್ಚುತ್ತದೆ. ಚರ್ಮಗಂಟು ರೋಗ ಹರಡಲು ಅಷ್ಟು ಸಾಕು. ಸೊಳ್ಳೆ, ಉಣ್ಣೆಗಳೂ ಈ ಕೆಲಸ ಮಾಡುತ್ತವೆ. ಉದುರಿದ ಹಕ್ಕಳೆ ಒಣಗಿದ ಮೇಲೂ ಅದರಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯಬಲ್ಲದು. ಮೊದಲು ಜ್ವರ, ಮೇವು ಬಿಡುವುದು. ಆಮೇಲೆ ಕುತ್ತಿಗೆ, ಬೆನ್ನು, ಕೆಚ್ಚಲ ಮೇಲೆಲ್ಲ ಗಟ್ಟಿ ಗಂಟು. ಹಾಲು ಇಳಿದುಹೋಗುತ್ತದೆ, ಗಬ್ಬದ ಹಸು ಕಂದು ಹಾಕುವುದೂ ಉಂಟು. ಮನುಷ್ಯರಿಗೆ ಇದು ತಗುಲುವುದಿಲ್ಲ.

1929ರಲ್ಲಿ ಇಂದಿನ ಜಾಂಬಿಯಾದಲ್ಲಿ ಮೊದಲು ಕಂಡ ಈ ರೋಗ ಭಾರತದಲ್ಲಿ ಕಾಣಿಸಿಕೊಂಡದ್ದು 2019ರಲ್ಲಿ, ಒಡಿಶಾದಲ್ಲಿ. 2022ರಲ್ಲಿ ರಾಜಸ್ಥಾನ, ಗುಜರಾತಿನಿಂದ ಕರ್ನಾಟಕದವರೆಗೆ ಹಬ್ಬಿ, ದೇಶದಲ್ಲಿ ಲಕ್ಷಕ್ಕೂ ಹೆಚ್ಚು ರಾಸುಗಳು ಸತ್ತವು. ನಮ್ಮಲ್ಲಿ ದನದ ಸಂತೆ, ಜಾತ್ರೆಗಳಿಗೆ ನಿರ್ಬಂಧ ಬಿತ್ತು.

ಮೂರು ವರ್ಷದಲ್ಲಿ ರೋಗ ಇಷ್ಟು ಉಗ್ರವಾದದ್ದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉತ್ಪಲ್ ತಾತು ಅವರ ತಂಡ ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರ, ಕರ್ನಾಟಕಗಳ ರಾಸುಗಳಿಂದ ಮಾದರಿ ತಂದು 22 ವೈರಸ್‌ಗಳ ಜೀನೋಮ್ ಓದಿತು. ಒಂದೊಂದರಲ್ಲೂ ಸುಮಾರು ಒಂದೂವರೆ ಲಕ್ಷ ಡಿಎನ್‌ಎ ಅಕ್ಷರ. ಸಿಕ್ಕಿದ್ದು ಎರಡು ಬಗೆಯ ವೈರಸ್. ಒಂದು 2019ರ ರಾಂಚಿ, 2020ರ ಹೈದರಾಬಾದ್ ಮಾದರಿಗಳನ್ನೇ ಹೋಲುತ್ತದೆ. ಇನ್ನೊಂದರಲ್ಲಿ ಬದಲಾವಣೆಗಳು ಬಹಳ. ಅದು 2015ರಲ್ಲಿ ರಷ್ಯಾದಲ್ಲಿ ಹರಡಿದ ತಳಿಗಳಿಗೆ ಹತ್ತಿರ. ಸಿಡುಬಿನ ಕುಲದ ಡಿಎನ್‌ಎ ವೈರಸ್‌ಗಳು ಸಾಮಾನ್ಯವಾಗಿ ನಿಧಾನಕ್ಕೆ ಬದಲಾಗುವಂಥವು. ಹಾಗಾಗಿ ಈ ಎರಡನೆಯದು ಹೊರಗಿನಿಂದ ಬಂದಿರಬೇಕು ಎಂದೇ ನನಗನ್ನಿಸುತ್ತದೆ.

ವೈರಸ್ ಬದಲಾದರೆ ಲಸಿಕೆ ಅದಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆಯೂ ಇದಕ್ಕೇ ತಳಕು ಹಾಕಿಕೊಂಡಿದೆ. 2022ರಲ್ಲಿ ನಮ್ಮ ರಾಸುಗಳಿಗೆ ಚುಚ್ಚಿದ್ದು ಈ ವೈರಸ್‌ನ ಹತ್ತಿರದ ಸಂಬಂಧಿಯಾದ ಮೇಕೆ ಸಿಡುಬಿನ ಲಸಿಕೆ. ರಷ್ಯಾದ ಸರಾತೊವ್‌ನಲ್ಲಿ 2017ರಲ್ಲಿ ಸಿಕ್ಕ ವೈರಸ್‌ನಲ್ಲಂತೂ ಚರ್ಮಗಂಟು ವೈರಸ್‌ನದೇ ಲಸಿಕೆಯ ತಳಿಯ ಮತ್ತು ಕಾಡುವ ತಳಿಯ ಜೀನ್‌ಗಳು ಬೆರೆತಿದ್ದವು. ಸಾವಿರಾರು ರಾಸು ಸತ್ತ ಮೇಲೆ ಮಾದರಿ ಹುಡುಕಿ ಹೊರಡುವುದು ಸಾಲದು. ರೋಗ ತಣ್ಣಗಿರುವ ವರ್ಷಗಳಲ್ಲೂ ಜೀನೋಮ್ ಓದುತ್ತಿರಬೇಕು.

ಮಾಲೂರಿನ ಬಯೋವೆಟ್ ಕಂಪನಿಯ ಹೊಸ ಲಸಿಕೆಗೆ 2025ರ ಫೆಬ್ರುವರಿಯಲ್ಲಿ ಪರವಾನಗಿ ಸಿಕ್ಕಿದೆ. ಲಸಿಕೆ ಪಡೆದ ರಾಸು ಯಾವುದು, ರೋಗ ತಗುಲಿದ್ದು ಯಾವುದು ಎಂದು ಪರೀಕ್ಷೆಯಿಂದ ಬೇರೆಬೇರೆಯಾಗಿ ಗುರುತಿಸಲು ಆಗುವುದು ಇದರ ಹೆಚ್ಚುಗಾರಿಕೆ. ಆ ಪರೀಕ್ಷೆ ತಾಲ್ಲೂಕು ಪಶು ಆಸ್ಪತ್ರೆಯವರೆಗೆ ಬಂದರೆ, ಯಾವ ಊರಿನ ರಾಸುಗಳನ್ನು ಜಾತ್ರೆಗೆ ಬಿಡಬಹುದು ಎಂಬುದನ್ನು ಊಹೆಯ ಮೇಲೆ ತೀರ್ಮಾನಿಸಬೇಕಾಗುವುದಿಲ್ಲ.